ಕಲ್ಲುಗುಡ್ಡದ ನೆರೆಹೊರೆ

ತುಂಗಭದ್ರೆಯ ಬಲದಂಡೆಯಿಂದ ಮೊದಲಾಗಿ ಸಂಡೂರು, ಕೂಡ್ಲಿಗಿ, ಮೊಳಕಾಲ್ಮೂರುಗಳನ್ನು ಹಾದು ಚಿತ್ರದುರ್ಗ, ತುಮಕೂರುಗಳ ಸೀಮೆಯವರೆಗೆ ಹಬ್ಬಿರುವ ಬಯಲುನಾಡಿನಲ್ಲಿ ಸಂಚರಿಸಿದವರು, ಜೋಳ ಶೇಂಗಾಗಳ ಹೊಲಗಳ ನಡುವೆ ಥಟ್ಟನೆ ತಲೆಯೆತ್ತಿ ನಿಂತಿರುವ, ಬೃಹದಾಕಾರದ ಬಂಡೆಗಳು ಒಂದರ ಮೇಲೊಂದು ಒರಗಿಕೊಂಡಿರುವ ಗುಡ್ಡಗಳನ್ನು ಕಂಡೇ ಇರುತ್ತಾರೆ. ಹಗಲಿನ ಬಿಸಿಲಿನಲ್ಲಿ ಜೀವಸಂಚಾರವೇ ಇಲ್ಲವೆಂಬಂತೆ ತೋರುವ ಆ ಗುಡ್ಡಗಳ ಒಡಲೊಳಗೆ, ಬಂಡೆಗಳ ಸಂದಿಯ ತಂಪಾದ ಗವಿಗಳಲ್ಲಿ, ಕರಡಿ ನಿದ್ರಿಸುತ್ತಿರುತ್ತದೆ. ಗುಡ್ಡದ ಬುಡದಲ್ಲಿ ಕುರಿಗಾಹಿ ಮಂದೆಯನ್ನು ಮೇಯಿಸುತ್ತಿರುತ್ತಾನೆ, ಹೆಂಗಸರು ಸೌದೆ ಆಯುತ್ತಿರುತ್ತಾರೆ, ರೈತನು ಪಂಪ್‌ಸೆಟ್ಟಿನ ಬಳಿ ಕರೆಂಟಿಗಾಗಿ ಕಾಯುತ್ತಿರುತ್ತಾನೆ. ಹೊತ್ತು ಇಳಿದಂತೆ ಮನುಷ್ಯನು ಊರಿಗೆ ಹಿಂದಿರುಗಬೇಕು, ಕರಡಿ ಗುಡ್ಡದಿಂದ ಇಳಿಯಬೇಕು. ಈ ಎರಡು ಪ್ರಯಾಣಗಳ ವೇಳೆ ಒಂದೇ, ದಾರಿಯೂ ಅನೇಕ ಸಲ ಒಂದೇ. ಬೆಳಗಿನ ಜಾವದಲ್ಲಿ ಇದೇ ಸನ್ನಿವೇಶ ತಿರುವುಮುರುವಾಗಿ ನಡೆಯುತ್ತದೆ. ನಮ್ಮ ನಾಡಿನಲ್ಲಿ ಮನುಷ್ಯನಿಗೂ ಕರಡಿಗೂ ಒದಗುವ ಅನಾಹುತಗಳಲ್ಲಿ ಹೆಚ್ಚಿನವು ಹುಟ್ಟುವುದು ದ್ವೇಷದಿಂದಲ್ಲ, ಈ ಸಂಧಿಕಾಲದ ಆಕಸ್ಮಿಕ ಮುಖಾಮುಖಿಯಿಂದ.

ನಮ್ಮ ಕರಡಿಯು ಹಿಮಾಲಯದ ಕಪ್ಪು ಕರಡಿಯಲ್ಲ, ಶೀತದೇಶಗಳ ಕಂದು ಕರಡಿಯೂ ಅಲ್ಲ. ಭಾರತ, ನೇಪಾಳ ಮತ್ತು ಶ್ರೀಲಂಕೆಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಂದು ನೆಲೆಯಿಲ್ಲದ, ಇಪ್ಪತ್ತು ಸಾವಿರಕ್ಕಿಂತಲೂ ಕಡಿಮೆ ಸಂಖ್ಯೆಯಲ್ಲಿ ಉಳಿದಿರುವುದೆಂದು ತಜ್ಞರು ಅಂದಾಜು ಮಾಡಿರುವ ಪ್ರತ್ಯೇಕ ಜಾತಿಯದು. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ 1791ರಲ್ಲಿ ಇದನ್ನು ಮೊದಲು ವರ್ಣಿಸಿದಾಗ, ಇದರ ಉದ್ದನೆಯ ಬಾಗಿದ ಉಗುರುಗಳನ್ನೂ ವಿಚಿತ್ರವಾದ ಹಲ್ಲುಗಳನ್ನೂ ಕಂಡು, ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತುಬೀಳುವ ಒಂದು ಮಂದಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟನು. ವಾಸ್ತವದಲ್ಲಿ ಇದರಲ್ಲಿ ಮಾಂದ್ಯವೆಂಬುದು ಸ್ವಲ್ಪವೂ ಇಲ್ಲ. ಪೂರ್ಣವಾಗಿ ಬೆಳೆದ ಗಂಡು ನೂರು ಕಿಲೋಗ್ರಾಮಿಗೂ ಮೀರಿ ತೂಗಬಲ್ಲುದು. ಅಷ್ಟು ಭಾರವನ್ನು ಹೊತ್ತಿದ್ದರೂ ಅದು ಓಡತೊಡಗಿದರೆ ಯಾವ ಮನುಷ್ಯನೂ ಓಡಿ ತಪ್ಪಿಸಿಕೊಳ್ಳಲಾರನು.

ಈ ದೇಹದ ರಚನೆಯೆಲ್ಲವೂ ಗೆದ್ದಲಿನ ಬೇಟೆಗಾಗಿ ಒದಗಿ ಬಂದುದು. ಕರಡಿಯು ಹುತ್ತವೊಂದರ ಮುಂದೆ ನಿಂತು, ಮೊದಲು ಮೂಗನ್ನು ಮಣ್ಣಿಗೆ ಒತ್ತಿ ಒಳಗಿನ ಸಂಚಾರವನ್ನು ಪರೀಕ್ಷಿಸುತ್ತದೆ. ಆಮೇಲೆ ಮುಂಗಾಲಿನ ಉಗುರುಗಳಿಂದ, ಗುದ್ದಲಿಗೂ ಸುಲಭವಾಗಿ ಮಣಿಯದ ಆ ಗಟ್ಟಿಮಣ್ಣನ್ನು ಹೆಂಟೆಹೆಂಟೆಯಾಗಿ ಕಿತ್ತು ಹಿಂದಕ್ಕೆ ಎಸೆಯುತ್ತದೆ. ಗೆದ್ದಲಿನ ಕೋಣೆಗಳು ತೆರೆದುಕೊಂಡೊಡನೆ, ಒಲೆಯ ಮುಂದೆ ಕುಳಿತವರು ಊದುಗೊಳವೆಯಿಂದ ಬೂದಿಯನ್ನು ಹಾರಿಸುವಂತೆ, ಬಾಯಿಂದ ಭುಸ್ಸೆಂದು ಗಾಳಿ ಊದಿ ಧೂಳನ್ನು ಚೆದುರಿಸಿ, ಮರುಕ್ಷಣದಲ್ಲಿಯೇ ತುಟಿಗಳನ್ನು ಮುಂದಕ್ಕೆ ಚಾಚಿ ಹುಳುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲುಸಾಲಿನ ನಡುವಣ ಎರಡು ಬಾಚಿಹಲ್ಲುಗಳು ಇದಕ್ಕೆ ಇಲ್ಲ. ಆ ತೆರಪಿನ ಮೂಲಕವೇ ಗೆದ್ದಲು ಒಳಸೇರುವುದು. ಹುಳುವೂ ಮಣ್ಣೂ ಮೂಗಿಗೆ ನುಗ್ಗದಂತೆ ಹೊಳ್ಳೆಗಳನ್ನು ಮುಚ್ಚಿಕೊಳ್ಳುವ ಶಕ್ತಿಯನ್ನೂ ಪ್ರಕೃತಿಯು ಕರುಣಿಸಿದೆ. ಈ ಊದುವ ಹೀರುವ ಸದ್ದು ನೂರು ಮೀಟರು ದೂರದಲ್ಲಿದ್ದವರಿಗೂ ಕೇಳಿಸುವಷ್ಟು ದೊಡ್ಡದು. ಆದರೆ ಆ ಸದ್ದಿನಲ್ಲಿ ಮುಳುಗಿರುವ ಕರಡಿಗೆ, ಹಿಂದಿನಿಂದ ನಡೆದು ಬರುವ ಮನುಷ್ಯನ ಹೆಜ್ಜೆ ಕೇಳಿಸದು. ಮೇಲಾಗಿ, ಇದರ ಘ್ರಾಣಶಕ್ತಿ ಎಷ್ಟು ತೀಕ್ಷ್ಣವೋ ದೃಷ್ಟಿಯೂ ಶ್ರವಣವೂ ಅಷ್ಟು ತೀಕ್ಷ್ಣವಲ್ಲ. ಗಾಳಿ ಎದುರಾಗಿ ಬೀಸುತ್ತಿರುವಾಗ ಬರುವ ಮನುಷ್ಯನ ಸುಳಿವು, ಅವನು ಹತ್ತು ಹೆಜ್ಜೆಯಷ್ಟು ಸಮೀಪಕ್ಕೆ ಬಂದರೂ ಅದಕ್ಕೆ ಸಿಗದೆ ಹೋಗಬಹುದು.

ಹಾಗೆ ಸಿಕ್ಕಿಬಿದ್ದಾಗ ಜಿಂಕೆ ಓಡುತ್ತದೆ, ಚಿರತೆ ಪೊದೆಯಲ್ಲಿ ಅಡಗುತ್ತದೆ, ಕರಡಿಯಾದರೋ ಎದುರುಬೀಳುತ್ತದೆ. ಇದಕ್ಕೆ ಕಾರಣವನ್ನು ಅದರ ದೀರ್ಘವಾದ ಪೂರ್ವೇತಿಹಾಸದಲ್ಲಿ ಹುಡುಕಬೇಕೆಂದು ಬಲ್ಲವರು ಹೇಳುತ್ತಾರೆ. ಹುಲಿ ಚಿರತೆಗಳು ಸಂಚರಿಸುವ ಬಯಲುಕಾಡಿನಲ್ಲಿ ವಿಕಾಸಗೊಂಡ ಈ ಪ್ರಾಣಿಗೆ ಓಡಿ ಹೋಗಲು ದಟ್ಟವಾದ ಕಾಡಿರಲಿಲ್ಲ. ಮರವನ್ನು ಹತ್ತಿದರೆ ಚಿರತೆಯೂ ಹಿಂದೆಯೇ ಹತ್ತುತ್ತದೆ. ಆದುದರಿಂದ, ಮೊದಲು ತಾನೇ ಮೇಲೆ ಬಿದ್ದು ವೈರಿಯನ್ನು ಬೆದರಿಸಿ ಪಾರಾಗುವುದೊಂದೇ ಅದು ಕಲಿತ ಉಪಾಯ. ಜೊತೆಯಲ್ಲಿ ಮರಿಯಿದ್ದರಂತೂ ಈ ಸ್ವಭಾವ ಇಮ್ಮಡಿಯಾಗುತ್ತದೆ. ಚಳಿಗಾಲದಲ್ಲಿ ಗವಿಯೊಳಗೆ ಹುಟ್ಟುವ ಒಂದೋ ಎರಡೋ ಮರಿಗಳನ್ನು ತಾಯಿಯು ಎರಡು ಮೂರು ತಿಂಗಳ ಕಾಲ ಅಲ್ಲಿಯೇ ಕಾಪಾಡಿ, ಹೊರಬಂದ ಮೇಲೆ ಬೆನ್ನಿನ ಉದ್ದಗೂದಲಿನ ಮೇಲೆ ಕೂರಿಸಿಕೊಂಡು ತಿಂಗಳುಗಟ್ಟಲೆ ತಿರುಗುತ್ತದೆ. ಕರಡಿಗಳ ಕುಲದಲ್ಲಿ ಮರಿಯನ್ನು ಹೀಗೆ ರೂಢಿಯಾಗಿ ಹೊತ್ತು ಸಾಕುವ ಜಾತಿ ಇದೊಂದೇ. ಅಂತಹ ತಾಯಿಯ ದಾರಿಗೆ ಮನುಷ್ಯನು ಅಡ್ಡಬಂದಾಗ, ಅವನು ಸೌದೆಗೆ ಬಂದವನೋ ಮರಿಗಳ್ಳನೋ ಎಂದು ವಿಚಾರಿಸುವ ವ್ಯವಧಾನ ಅದಕ್ಕೆ ಇರುವುದಿಲ್ಲ.

ನಮ್ಮ ಪುರಾಣಕಾರರು ಈ ಸ್ವಭಾವವನ್ನು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದಕ್ಕೆ ಸ್ಯಮಂತಕ ಮಣಿಯ ಪ್ರಸಂಗವೇ ಸಾಕ್ಷಿ. ಹಂಪೆ ಆನೆಗೊಂದಿಗಳ ಬಂಡೆಗುಡ್ಡಗಳನ್ನೇ ಕಿಷ್ಕಿಂಧೆಯೆಂದು ನಂಬಿ ಬಂದಿರುವ ನಮಗೆ ಕರಡಿಗಳ ಒಡೆಯನಾದ ಜಾಂಬವಂತನು ಪರಕೀಯನಲ್ಲ. ರಾಮಾಯಣದಲ್ಲಿ ಹನುಮಂತನಿಗೆ ಅವನ ಬಲವನ್ನು ನೆನಪಿಸಿಕೊಟ್ಟ ವೃದ್ಧ ವಿವೇಕಿ ಅವನು. ಅದೇ ಜಾಂಬವಂತನು ಭಾಗವತದಲ್ಲಿ ಶ್ರೀಕೃಷ್ಣನೊಡನೆ ಇಪ್ಪತ್ತೆಂಟು ದಿನಗಳ ಕಾಲ ಕಾದಾಡುತ್ತಾನೆ. ಆ ಕಾಳಗ ಏಕೆ ಹುಟ್ಟಿತೆಂಬುದನ್ನು ಗಮನಿಸಬೇಕು. ಕೃಷ್ಣನು ಮಣಿಯನ್ನು ಹುಡುಕುತ್ತ ಜಾಂಬವಂತನ ಗವಿಯನ್ನು ಹೊಕ್ಕನು. ಒಳಗೆ ಮಣಿಯೊಡನೆ ಆಡುತ್ತಿದ್ದ ಮಗುವಿತ್ತು. ಅಪರಿಚಿತನನ್ನು ಕಂಡು ದಾದಿಯು ಚೀರಿದಳು. ಆ ಕೂಗನ್ನು ಕೇಳಿ, ಬಂದವನು ತನ್ನ ಸ್ವಾಮಿಯೇ ಎಂಬುದನ್ನರಿಯದೆ, ಜಾಂಬವಂತನು ಮೇಲೆ ಬಿದ್ದನು. ಗವಿ, ಮರಿ, ಹಠಾತ್ತಾದ ಭೀತಿ, ತಪ್ಪು ತಿಳಿವು: ಅರಣ್ಯ ಇಲಾಖೆಯವರು ಇಂದಿಗೂ ಬರೆದುಕೊಳ್ಳುವ ದಾಳಿಯ ವರದಿಗಳಲ್ಲಿ ಈ ನಾಲ್ಕೇ ಕಾರಣಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುವು.

ಕರಡಿಯ ಪರವಾಗಿ ಇಷ್ಟನ್ನು ಹೇಳಿದ ಮೇಲೆ, ಅದರ ಕೈಗೆ ಸಿಕ್ಕವನ ಪಾಡನ್ನು ಹೇಳದೆ ಹೋಗುವುದು ಅನ್ಯಾಯವಾದೀತು. ಹುಲಿಯಂತೆ ಇದು ತಿನ್ನುವುದಕ್ಕಾಗಿ ಮನುಷ್ಯನ ಮೇಲೆ ಬೀಳುವುದಿಲ್ಲ. ಕ್ಷಣಕಾಲ ಪರಚಿ ಕಚ್ಚಿ ಬಿಟ್ಟು ಓಡುತ್ತದೆ. ಆದರೆ ಆ ಕ್ಷಣವೇ ಸಾಕು. ಎದುರು ನಿಂತವನ ತಲೆ, ಮುಖ, ಕೈಗಳಿಗೇ ಅದರ ಹಲ್ಲೂ ಉಗುರೂ ತಗಲುವುದರಿಂದ, ಕಣ್ಣು ಹೋದವರು, ಮೂಗು ಕಿತ್ತುಹೋದವರು, ದವಡೆ ಮುರಿದವರು ಬಯಲುಸೀಮೆಯ ಕರಡಿನಾಡಿನಲ್ಲಿ ಅಪರೂಪವಲ್ಲ. ಪ್ರಾಣ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ಇಂತಹ ಗಾಯಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಕಳುಹಿಸಬಹುದಲ್ಲದೆ, ಮುಖದ ಎಲುಬನ್ನು ಕೂಡಿಸಿ ಚರ್ಮವನ್ನು ನಾಟಿಮಾಡುವ ಶಸ್ತ್ರಚಿಕಿತ್ಸೆ ದೊಡ್ಡ ನಗರಗಳಲ್ಲಿಯೇ ಆಗಬೇಕು; ಅದೂ ಒಂದೇ ಸಲಕ್ಕೆ ಮುಗಿಯತಕ್ಕದ್ದಲ್ಲ. ಸರ್ಕಾರವು ದಯಾತ್ಮಕ ಧನವನ್ನು ಕೊಡುವುದುಂಟು. ಆದರೆ ಕೂಲಿಯಿಲ್ಲದೆ ಕಳೆದ ತಿಂಗಳುಗಳಿಗೆ, ಜೊತೆಗೆ ಹೋದ ಮಗನು ಬಿಟ್ಟ ಕೆಲಸಕ್ಕೆ, ಸಂತೆಗೆ ಹೋಗಲು ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಕಾದ ಹೆಣ್ಣುಮಗಳ ಸಂಕಟಕ್ಕೆ ಆ ಹಣ ಸಮವಾಗಲಾರದು. ಮನುಷ್ಯ ಮತ್ತು ವನ್ಯಮೃಗಗಳ ಸಹಬಾಳ್ವೆಯೆಂಬುದು ಸಭೆಗಳಲ್ಲಿ ಸಲೀಸಾಗಿ ಕೇಳಿಬರುವ ಮಾತು; ಅದರ ಬೆಲೆಯನ್ನು ತೆರುತ್ತಿರುವವರು ಮಾತ್ರ ಆ ಸಭೆಗಳಲ್ಲಿ ಇರುವುದಿಲ್ಲ. ಕುರಿಗಾಹಿ, ಸೌದೆಯವಳು, ರಾತ್ರಿ ನೀರು ಕಟ್ಟಲು ಹೋಗುವ ಸಣ್ಣ ಹಿಡುವಳಿದಾರ, ಮನೆಯಲ್ಲಿ ಶೌಚಾಲಯವಿಲ್ಲದೆ ನಸುಕಿನಲ್ಲಿ ಬಯಲಕಡೆಗೆ ಹೋಗುವ ಹೆಂಗಸು, ಕರಡಿಯೊಡನೆ ಬಾಳುವ ಹೊರೆಯನ್ನು ಹೊತ್ತವರು ಇವರು. ಈ ಹೊರೆಯು ಇವರ ಮೇಲೆ ಮಾತ್ರವೇ ಬಿದ್ದಿರುವುದು ನ್ಯಾಯವಲ್ಲವೆಂಬುದೇ ಈ ಬರಹದ ಮುಖ್ಯವಾದ ಅಭಿಪ್ರಾಯ.

ಮನುಷ್ಯರನ್ನು ಸಾಲಾಗಿ ಕೊಂದ ಕರಡಿಗಳೂ ಇಲ್ಲದಿಲ್ಲ. ಬೇಟೆಗಾರನೂ ಲೇಖಕನೂ ಆಗಿದ್ದ ಕೆನೆತ್ ಆ್ಯಂಡರ್ಸನ್, ಅರಸೀಕೆರೆಯ ಕಡೆಯ ಗುಡ್ಡಗಳಲ್ಲಿ ಹನ್ನೆರಡು ಮಂದಿಯನ್ನಾದರೂ ಬಲಿ ತೆಗೆದುಕೊಂಡ ಮೈಸೂರು ಸೀಮೆಯ ಕರಡಿಯೊಂದರ ವೃತ್ತಾಂತವನ್ನು ಬರೆದಿದ್ದಾನೆ. ಅಂತಹದು ಅಪವಾದವೇ ಹೊರತು ನಿಯಮವಲ್ಲ. ಆದರೂ ಆ ಒಂದರ ಕುಖ್ಯಾತಿ ಇಡೀ ಕುಲಕ್ಕೆ ಅಂಟಿಕೊಂಡಿತು.

ಹಿಂದೆಯೂ ಕರಡಿ ಇತ್ತು, ಜನರೂ ಇದ್ದರು. ಈಗ ಘರ್ಷಣೆ ಹೆಚ್ಚಿತೇಕೆ ಎಂದು ಕೇಳುವವರಿಗೆ ಗುಡ್ಡಗಳ ಕಡೆಗೆ ಕೈ ತೋರಿಸಬೇಕಾಗುತ್ತದೆ. ಕರಡಿಗೆ ಗವಿಯೇ ಮನೆ, ಬೇಸಗೆಯ ಧಗೆಯಿಂದ ರಕ್ಷಣೆ, ಹೆರಿಗೆಯ ಕೋಣೆ. ಶತಮಾನಗಳಿಂದ ನಿಂತ ಬಂಡೆಯನ್ನು ಸಿಡಿಮದ್ದಿಟ್ಟು ಒಡೆದು ಜಲ್ಲಿಯಾಗಿಯೋ ನುಣುಪಾದ ಗ್ರಾನೈಟ್ ಹಾಸಾಗಿಯೋ ಮಾರುವ ಕಲ್ಲುಕ್ವಾರಿಯು ಗುಡ್ಡದೊಳಕ್ಕೆ ಬಂದಾಗ, ಹಾಳಾದ ಕಾಡನ್ನು ಮತ್ತೆ ಬೆಳೆಸುವಂತೆ ಆ ಗವಿಯನ್ನು ಮತ್ತೆ ಬೆಳೆಸಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಅಗೆತ ಮಿತಿಮೀರಿ, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಇನ್ನು ಆಹಾರದ ವಿಷಯ. ಗೆದ್ದಲಲ್ಲದೆ ಕವಳೆ, ಬಾರೆ, ಜಾನೆ, ನೇರಳೆ, ಕಕ್ಕೆಗಳಂತಹ ಕಾಡುಹಣ್ಣುಗಳೂ ಜೇನೂ ಇದರ ಜೀವಾಧಾರ. ಹಣ್ಣು ತಿಂದು ಬೀಜವನ್ನು ದೂರದವರೆಗೆ ಹರಡುವುದರಿಂದ ಕುರುಚಲು ಕಾಡನ್ನು ಉಳಿಸುವ ಒಕ್ಕಲಿಗನೂ ಅದೇ. ಎಳೆಹುಲ್ಲಿನ ಆಸೆಗೆ ಬೇಸಗೆಯಲ್ಲಿ ಗುಡ್ಡಕ್ಕೆ ಇಡುವ ಬೆಂಕಿಯಲ್ಲಿ ಈ ಪೊದೆಗಳು ಸುಟ್ಟುಹೋಗುತ್ತವೆ. ಅದೇ ವೇಳೆಗೆ ಗುಡ್ಡದ ಕೆಳಗೆ ಇನ್ನೊಂದು ಭೋಜನ ಸಿದ್ಧವಾಗಿರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿದಂದಿನಿಂದ ಹೊಸಪೇಟೆ ಕಮಲಾಪುರಗಳ ಆಸುಪಾಸಿನಲ್ಲಿ ಕಬ್ಬು ಬಾಳೆಗಳ ಹಸಿರು ವಿಸ್ತರಿಸಿತು. ಕೊಳವೆಬಾವಿಗಳು ಬಂದ ಮೇಲೆ ಒಣಬೇಸಾಯದ ಊರುಗಳಲ್ಲಿಯೂ ಮೆಕ್ಕೆಜೋಳ, ಶೇಂಗಾಗಳು ಗುಡ್ಡದ ಅಂಚಿನವರೆಗೆ ಬಂದುವು. ಬಾಳೆಯ ತೋಟ ಹತ್ತಿರದಲ್ಲಿರುವಾಗ ಬರಿಯ ಹುತ್ತವನ್ನು ಅಗೆದು ಬದುಕೆಂದು ಕರಡಿಗೆ ಉಪದೇಶಿಸುವುದು ವ್ಯರ್ಥ. ಗುಡ್ಡದ ಮೇಲಿನ ಗುಡಿಗಳಿಗೆ ರಾತ್ರಿ ನುಗ್ಗಿ ಹಣತೆಯ ಎಣ್ಣೆಯನ್ನು ಕುಡಿದು, ನೈವೇದ್ಯದ ತೆಂಗಿನಕಾಯಿಯನ್ನು ತಿಂದು ಹೋಗುವುದನ್ನೂ ಅದು ಕಲಿತಿದೆ.

ಹೀಗೆ ಇಳಿದು ಬರುವ ಕರಡಿಗೂ ಅಪಾಯ ತಪ್ಪಿದ್ದಲ್ಲ. ಹಂದಿಗಾಗಿ ಬೇಲಿಯಲ್ಲಿ ಒಡ್ಡಿದ ತಂತಿಯ ಉರುಳಿಗೆ ಸಿಕ್ಕಿ, ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಮಾಂಸದೊಳಗೆ ಇಳಿದು ನರಳುವ ಕರಡಿಗಳುಂಟು. ಕಟ್ಟೆಯಿಲ್ಲದ ತೆರೆದ ಬಾವಿಗೆ ಕತ್ತಲಲ್ಲಿ ಬಿದ್ದವುಗಳುಂಟು. ಊರೊಳಗೆ ಬೆಳಕು ಹರಿದುಬಿಟ್ಟರೆ ಸ್ಥಿತಿ ಇನ್ನೂ ವಿಷಮ. ಮೊಬೈಲು ಹಿಡಿದು ಸುತ್ತುಗಟ್ಟುವ, ಕೂಗುವ, ಕಲ್ಲೆಸೆಯುವ ಗುಂಪಿನ ನಡುವೆ ಗುಡ್ಡದ ದಿಕ್ಕೇ ತೋಚದಾದ ಪ್ರಾಣಿಯು ಎದುರಿಗೆ ಬಂದವರನ್ನೆಲ್ಲ ಗಾಯಗೊಳಿಸುತ್ತ ಓಡುತ್ತದೆ. ದಾರಿಯನ್ನು ತೆರವು ಮಾಡಿ ಸಂಜೆಯವರೆಗೆ ಸುಮ್ಮನಿದ್ದಿದ್ದರೆ ಯಾರಿಗೂ ಕೇಡಿಲ್ಲದೆ ಅದು ಮರಳಿ ಹೋಗುತ್ತಿದ್ದಿತು.

ಕರಡಿಯ ಮೇಲೆ ಮನುಷ್ಯನು ನಡೆಸಿದ ಹಿಂಸೆಯ ಅಧ್ಯಾಯವೊಂದು ನಮ್ಮ ಕಣ್ಣೆದುರಿನಲ್ಲಿಯೇ ಮುಗಿದಿದೆ. ಹಗ್ಗ ಹಿಡಿದು, ಡಮರು ಬಾರಿಸುತ್ತ ಊರೂರಿಗೆ ಕರಡಿಯನ್ನು ಕರೆತಂದು ಕುಣಿಸುತ್ತಿದ್ದ ಕಲಂದರರನ್ನು ಹಳಬರೆಲ್ಲರೂ ನೋಡಿದ್ದಾರೆ. ಹೆದರಿದ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುವುದೂ, ಕರಡಿಯ ಕೂದಲನ್ನು ತಾಯತದಲ್ಲಿಟ್ಟು ಕೊರಳಿಗೆ ಕಟ್ಟುವುದೂ ಮನೆಮನೆಯ ನಂಬಿಕೆಯಾಗಿದ್ದಿತು. ಆ ಕುಣಿತದ ಹಿಂದಿನ ಕಥೆ ಮಾತ್ರ ನೋಡುಗರಿಗೆ ತಿಳಿದಿರಲಿಲ್ಲ. ಮರಿಯನ್ನು ಕದಿಯಬೇಕಾದರೆ ಅನೇಕ ವೇಳೆ ತಾಯಿಯನ್ನು ಕೊಲ್ಲಬೇಕಾಗುತ್ತಿತ್ತು, ಕದ್ದ ಮರಿಯ ಮೂತಿಯನ್ನು ಕಾದ ಕಬ್ಬಿಣದ ಸಲಾಕೆಯಿಂದ ತೂತುಮಾಡಿ ಹಗ್ಗ ಪೋಣಿಸುತ್ತಿದ್ದರು, ಹಲ್ಲುಗಳನ್ನು ಮುರಿಯುತ್ತಿದ್ದರು. ಹಗ್ಗವನ್ನು ಜಗ್ಗಿದಾಗ ನೋವಿನಿಂದ ಎದ್ದು ನಿಲ್ಲುವುದನ್ನೇ ನಾವು ಕುಣಿತವೆಂದು ಕೊಂಡಾಡಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೂ ದಶಕಗಳ ಕಾಲ ಇದು ನಡೆದೇ ಇದ್ದಿತು. ಏಕೆಂದರೆ ಕರಡಿಯನ್ನು ಬಿಟ್ಟರೆ ಆ ಬಡಕುಟುಂಬಗಳಿಗೆ ಬೇರೆ ಜೀವನೋಪಾಯವಿರಲಿಲ್ಲ. 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿಯವರು ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯು ಈ ಸತ್ಯವನ್ನು ಗ್ರಹಿಸಿತು. ಕರಡಿಯನ್ನು ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬಿನ ತರಬೇತಿ, ಬಂಡವಾಳ, ಮಕ್ಕಳಿಗೆ ಶಾಲೆ ಇವುಗಳನ್ನು ಒದಗಿಸುತ್ತ, ಸರ್ಕಾರದ ನೆರವಿನೊಡನೆ ಅದು ಆರುನೂರಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ಹೆಸರಾದ ರಾಜು 2009ರ ಡಿಸೆಂಬರಿನಲ್ಲಿ ಬಂದು ಸೇರಿದ್ದು ಬೆಂಗಳೂರಿನ ಸಮೀಪದ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವನ್ನು. ಕಾಯಿದೆಯೊಂದೇ ಸಾಧಿಸದುದನ್ನು, ಮನುಷ್ಯನ ಹೊಟ್ಟೆಯ ಪ್ರಶ್ನೆಯನ್ನೂ ಕರಡಿಯ ಪ್ರಶ್ನೆಯನ್ನೂ ಜೊತೆಗಿಟ್ಟು ನೋಡಿದ ವಿವೇಕವು ಸಾಧಿಸಿತು.

ಇದೇ ವಿವೇಕವು ಗುಡ್ಡದ ಬುಡದ ಊರುಗಳಿಗೂ ಬೇಕಾಗಿದೆ. ಹಂಪೆಯಿಂದ ಸುಮಾರು ಹದಿನೈದು ಕಿಲೋಮೀಟರು ದೂರದ ದರೋಜಿಯಲ್ಲಿ, ಬಿಳಿಕಲ್ಲು ಕಾಯ್ದಿಟ್ಟ ಅರಣ್ಯವನ್ನು ಒಳಗೊಂಡು, 1994ರಲ್ಲಿ ಕರಡಿಧಾಮವು ಸ್ಥಾಪನೆಯಾಯಿತು. ಮುಂದೆ ವಿಸ್ತಾರಗೊಂಡು ಈಗ ಸುಮಾರು 82 ಚದರ ಕಿಲೋಮೀಟರುಗಳಷ್ಟಾಗಿದೆ. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿಯೂ ಇನ್ನೊಂದು ಧಾಮವಾಯಿತು. ದರೋಜಿಯ ವೀಕ್ಷಣಾ ಗೋಪುರದಲ್ಲಿ ಕುಳಿತವರಿಗೆ ಕಾಣುವ ನೋಟ ಪ್ರಸಿದ್ಧವಾದುದು: ಮಧ್ಯಾಹ್ನದ ಇಳಿಹೊತ್ತಿನಲ್ಲಿ ಕಾವಲುಗಾರನು ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲ ಬೆರೆತ ಅಂಟನ್ನು ಸವರಿ ಮರಳುತ್ತಾನೆ; ಕೆಲಹೊತ್ತಿನಲ್ಲಿಯೇ ಕಲ್ಲಿನ ನೆರಳೊಂದು ಚಲಿಸಿತೋ ಎಂಬಂತೆ ತಾಯಿಕರಡಿ ಮರಿಗಳೊಡನೆ ಇಳಿದು ಬಂದು ಬಂಡೆಯನ್ನು ನೆಕ್ಕತೊಡಗುತ್ತದೆ; ನವಿಲು, ಮುಂಗುಸಿ, ಹಂದಿಗಳೂ ಪಾಲಿಗೆ ಬರುತ್ತವೆ. ಈ ಬೆಲ್ಲದ ಉಪಚಾರವನ್ನು ನಾನು ಮನಸಾರೆ ಒಪ್ಪಲಾರೆ. ಮನುಷ್ಯನ ಕೈಯ ವಾಸನೆಯನ್ನೂ ಸವಿಯನ್ನೂ ಒಟ್ಟಿಗೆ ಅರಿತ ಕರಡಿಗೆ ಮನುಷ್ಯನ ಅಂಜಿಕೆ ಕಡಿಮೆಯಾಗುವುದು ಇಬ್ಬರಿಗೂ ಹಿತವಲ್ಲ. ಆದರೆ ಧಾಮವನ್ನು ಅದರಿಂದಲೇ ಅಳೆಯಬಾರದು. ಬೆಂಕಿಯನ್ನೂ ಕ್ವಾರಿಯನ್ನೂ ದೂರವಿಟ್ಟುದರಿಂದ ಅಲ್ಲಿ ಬೋಳುಗುಡ್ಡಗಳ ನಡುವೆ ಹಣ್ಣಿನ ಪೊದೆಗಳು ಮತ್ತೆ ಕವಿದಿವೆ. ಕರಡಿಯನ್ನು ಗುಡ್ಡದಲ್ಲಿಯೇ ನಿಲ್ಲಿಸಬಲ್ಲ ಶಕ್ತಿ ಇರುವುದು ಆ ಪೊದೆಗಳಿಗೆ.

ಕರಡಿಯ ಸೀಮೆಯಲ್ಲಿ ಓಡಾಡುವವರು ಅನುಸರಿಸತಕ್ಕ ಕ್ರಮ ಕಷ್ಟದ್ದೇನಲ್ಲ, ಹಳೆಯ ಕುರಿಗಾಹಿಗಳಿಗೆ ಇದು ಗೊತ್ತಿದ್ದುದೇ. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಒಬ್ಬರೇ ಹೋಗಬಾರದು. ಪೊದೆ ಬಂಡೆಗಳ ತಿರುವಿನಲ್ಲಿ ಗಟ್ಟಿಯಾಗಿ ಮಾತನಾಡುತ್ತ, ಕೋಲಿನಿಂದ ನೆಲ ಕುಟ್ಟುತ್ತ ನಡೆಯಬೇಕು. ಕತ್ತಲಲ್ಲಿ ಬ್ಯಾಟರಿ ಇರಬೇಕು. ಸುಳಿವು ಮೊದಲೇ ಸಿಕ್ಕಿದರೆ ಕರಡಿ ತಾನಾಗಿಯೇ ದೂರ ಸರಿಯುತ್ತದೆ. ದೂರದಲ್ಲಿ ಕಂಡರೆ ಓಡದೆ ಮೆಲ್ಲನೆ ಹಿಂದೆ ಸರಿಯಬೇಕು. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡು ಕೈಗಳನ್ನೂ ಕುತ್ತಿಗೆಯ ಹಿಂದೆ ಹೆಣೆದು ಅಲುಗದಿರಬೇಕೆಂದು ಕರಡಿಗಳನ್ನು ಅಭ್ಯಾಸಮಾಡಿದವರು ಹೇಳುತ್ತಾರೆ. ಬೆನ್ನಿನ ಗಾಯ ಮಾಯಬಹುದು, ಕಣ್ಣು ಮರಳಿ ಬಾರದು.

ಆದರೆ ಎಚ್ಚರಿಕೆಯ ಹೊಣೆಯನ್ನೆಲ್ಲ ಬಡವನ ಮೇಲೆ ಹೊರಿಸಿ ಉಳಿದವರು ಕೈ ತೊಳೆದುಕೊಳ್ಳಲಾಗದು. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟನ್ನು ರಾತ್ರಿಯ ಪಾಳಿಯಲ್ಲಿ ಕೊಡುವ ಪದ್ಧತಿ ಇರುವವರೆಗೆ, ಕತ್ತಲಲ್ಲಿ ಒಂಟಿಯಾಗಿ ಹೋಗಬೇಡವೆಂದು ರೈತನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಶೌಚಾಲಯಕ್ಕೆ ನೀರಿಲ್ಲದ ಮನೆಯ ಹೆಂಗಸಿಗೂ ಆ ಮಾತನ್ನು ಹೇಳಲಾಗದು. ಆದುದರಿಂದ, ಗುಡ್ಡದ ಅಂಚಿನ ಊರುಗಳಲ್ಲಿ ವಾಸಿಸುವ ಓದುಗರಲ್ಲಿ ನನ್ನ ಬಿನ್ನಹವಿಷ್ಟು: ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ, ನಮ್ಮ ಹೊಲಗಳಿಗೆ ಹಗಲು ಕರೆಂಟು ಬೇಕೆಂದು, ತೆರೆದ ಬಾವಿಗಳಿಗೆ ಕಟ್ಟೆ ಬೇಕೆಂದು, ಪ್ರತಿ ಮನೆಯ ಶೌಚಾಲಯಕ್ಕೆ ನೀರು ಬೇಕೆಂದು, ಗವಿಗಳಿರುವ ಗುಡ್ಡವನ್ನು ಕ್ವಾರಿಗೆ ಗುತ್ತಿಗೆ ಕೊಡಕೂಡದೆಂದು ಠರಾವು ಮಾಡಿಸಿರಿ, ಕರಡಿಯಿಂದ ಗಾಯಗೊಂಡವರು ನಿಮ್ಮ ಊರಿನಲ್ಲಿದ್ದರೆ, ಅವರ ಅರ್ಜಿ ಯಾವ ಕಚೇರಿಯ ಯಾವ ಮೇಜಿನ ಮೇಲಿದೆಯೆಂಬುದನ್ನು ಅವರ ಜೊತೆಗೆ ಹೋಗಿ ವಿಚಾರಿಸಿರಿ.